ಸುಂಡಿಲಿ ಇಲ್ಲದ ಚಿತ್ರ

ಟ್ಯೂನಿಸ್‌ನ ಟೀವಿ ಕೇಂದ್ರದಲ್ಲಿ, ಮಕ್ಕಳ ವಿಭಾಗದಲ್ಲಿ, ನಜೀಹಾಳಿಗೆ ಇದ್ದದ್ದು ಒಂದೇ ಕೆಲಸ: ಚಿತ್ರ ನೋಡುವುದು, ನೋಡಿ ವರದಿ ಬರೆಯುವುದು. ಎಷ್ಟು ವಯಸ್ಸಿನವರಿಗೆ ಸರಿ, ಎಲ್ಲಿ ಕತ್ತರಿ ಹಾಕಬೇಕು, ಮಕ್ಕಳು ಕೊನೆಯವರೆಗೂ ಕೂರುತ್ತಾರೋ ಅರ್ಧಕ್ಕೇ ಎದ್ದು ಆಟಕ್ಕೆ ಓಡುತ್ತಾರೋ. ಒಂಬತ್ತು ವರ್ಷ ಇದನ್ನೇ ಮಾಡಿ, ಮಾತಾಡುವ ಕರಡಿ, ಹಾಡುವ ಬಾತುಕೋಳಿಗಳನ್ನು ಕಂಡರೆ ಅವಳಿಗೆ ಆಕಳಿಕೆ ಬರುವಂತಾಗಿತ್ತು. ಆದರೆ ಅವತ್ತು ವಿಭಾಗದ ಮುಖ್ಯಸ್ಥ ಸೀ ರಿದಾ, ವಸಂತದ ರಜೆಗೆ ಏನು ಹಾಕೋಣ ಎಂದು ಹಳೆಯ ಉಗ್ರಾಣದ ಪಟ್ಟಿ ಓದುತ್ತ 'ಬಾವಿಯಡಿಯ ಬಾಗಿಲು' ಎಂಬ ಹೆಸರು ಹೇಳಿದಾಗ ಅವಳ ಕೈಯಲ್ಲಿದ್ದ ಚಹಾದ ಗ್ಲಾಸು ತುಳುಕಿತು.

"ನಮ್ಮವರೇ ಕೈಯಲ್ಲಿ ಬರೆದು ಮಾಡಿದ ಕಾರ್ಟೂನ್ ಚಿತ್ರವಂತೆ. ಎಪ್ಪತ್ತಾರರಲ್ಲಿ ಒಂದೇ ಒಂದು ಸಲ ಟೀವಿಲಿ ಬಂದಿದೆ, ಆಮೇಲೆ ಯಾಕೋ ಯಾರೂ ಮುಟ್ಟಿಲ್ಲ. ನಿಂಗೆ ಗೊತ್ತೇನಮ್ಮ?" ಎಂದರು ಸೀ ರಿದಾ.

"ಗೊತ್ತಾ ಅಂತ ಕೇಳ್ತೀರಲ್ಲ! ಆರು ವರ್ಷದವಳಿದ್ದಾಗ ನೋಡಿದ್ದು. ಮಹ್ದಿಯಾದಲ್ಲಿ ನಮ್ಮ ಬೀದಿಗೆಲ್ಲ ಒಂದೇ ಟೀವಿ. ಆ ಪುಟ್ಟ ಸುಂಡಿಲಿನ ಮರೆಯೋಕಾಗುತ್ತಾ? ಬಾಲಕ್ಕೆ ಕೆಂಪು ದಾರ ಕಟ್ಕೊಂಡು ಎಲ್ಲರಿಗಿಂತ ಮುಂದೆ ಓಡ್ತಾಳೆ."

ಸೀ ರಿದಾ ಕನ್ನಡಕ ಏರಿಸಿ ಕಾಗದ ನೋಡಿದರು. "ಮರಳಿಲಿ, ಮುಳ್ಳಿಲಿ, ಊಸರವಳ್ಳಿ. ಮೂರೇ ಇದಾವಲ್ಲೇ. ಸುಂಡಿಲಿ ಎಲ್ಲೂ ಇಲ್ಲ."

"ಬರೆಯೋಕೆ ಮರೆತಿದಾರೆ" ಎಂದಳು ನಜೀಹಾ.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ನೆಲಮಾಳಿಗೆಯ ಸಣ್ಣ ಪ್ರದರ್ಶನದ ಕೋಣೆಯಲ್ಲಿ ಅವಳು ಒಬ್ಬಳೇ ಕೂತಳು. ಹಿಂದಿನ ಗೂಡಿನಲ್ಲಿ ರೀಲು ಓಡಿಸುವವರು ಶಾದ್ಲಿ ಕಾಕಾ. ಆ ಕೇಂದ್ರದಲ್ಲಿ ಗೋಡೆಗಳಿಗಿಂತ ಹಳಬರು ಅವರೇ. ದೀಪ ಆರಿತು, ಚಿತ್ರ ಶುರುವಾಯಿತು.

ಕಥೆ ಅವಳಿಗೆ ನೆನಪಿದ್ದದ್ದೇ. ಒಂದು ಊರಿನ ಬಾವಿ ಬತ್ತಿಹೋಗುತ್ತದೆ. ನೆಲದಡಿಯಲ್ಲಿರುವ ಕುರುಡು ಹಾವೊಂದು ನೀರನ್ನೆಲ್ಲ ಕುಡಿದು ಸುರುಳಿ ಸುತ್ತಿ ಮಲಗಿದೆ. ದೊಡ್ಡ ಪ್ರಾಣಿಗಳೆಲ್ಲ ಹಿಂದೆ ಸರಿದಾಗ ಸಣ್ಣವು ಬಾವಿಗೆ ಇಳಿಯುತ್ತವೆ. ತಳದಲ್ಲಿ ಒಂದು ಬಾಗಿಲು. ಅದನ್ನು ಯಾರಾದರೂ ಹಿಡಿದುಕೊಂಡೇ ಇರಬೇಕು, ಬಿಟ್ಟರೆ ಒಳಗೆ ಹೋದವರು ಒಳಗೇ.

ಎಲ್ಲವೂ ಇತ್ತು. ಸುಂಡಿಲಿ ಮಾತ್ರ ಇರಲಿಲ್ಲ.

ನಜೀಹಾ ಮುಂದಕ್ಕೆ ಬಾಗಿ ಕೂತಳು. ಮರಳಿಲಿ ಒಂದು ಖರ್ಜೂರ ತಂದು ನಾಲ್ಕು ಚೂರು ಮಾಡಿತು. ಮೂವರು ತಿಂದರು. ನಾಲ್ಕನೆಯ ಚೂರು ಕಲ್ಲಿನ ಮೇಲಿತ್ತು. ಮರುಗಳಿಗೆ ನೋಡಿದರೆ ಅದೂ ಇರಲಿಲ್ಲ. ಊಸರವಳ್ಳಿ ಏನೋ ಕೇಳಿತು, ಎಲ್ಲರೂ ಖಾಲಿ ಜಾಗದ ಕಡೆ ತಿರುಗಿ ಒಂದೆರಡು ಕ್ಷಣ ಸುಮ್ಮನೆ ನಿಂತರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ನಗುವಂಥ ಮಾತನ್ನು ಯಾರೂ ಆಡಿರಲಿಲ್ಲ. ಆ ಖಾಲಿ ಜಾಗದಲ್ಲಿ, ಬಾಗಿ ನೋಡಿದರೆ, ಗಾಜಿನ ಮೇಲೆ ಉಗುರು ಎಳೆದಂಥ ಸಣ್ಣ ಗೀರುಗಳು. ಅವು ಓಡಾಡುತ್ತಿದ್ದವು.

ಬಾವಿಯ ತಳದ ಬಾಗಿಲು ತಾನೇ ತೆರೆದುಕೊಂಡು ತೆರೆದೇ ನಿಂತಿತು. ಮೂವರು ಒಳಗೆ ಹೋಗಿ ಹಾವನ್ನು ಕಚಗುಳಿಯಿಟ್ಟು ನಗಿಸಿ, ನೀರು ಬಿಡಿಸಿ, ಓಡಿಬಂದರು. ಬಾವಿ ತುಂಬಿತು. ಹಾಡು, ಕುಣಿತ, ಮುಗಿಯಿತು.

"ಕಾಕಾ, ಇದಕ್ಕೆ ಯಾರೋ ಕತ್ತರಿ ಹಾಕಿದಾರೆ" ಎಂದಳು ನಜೀಹಾ, ಗೂಡಿನ ಮೆಟ್ಟಿಲ ಬಳಿ ಹೋಗಿ.

"ಬಾಯಿ ತೊಳ್ಕೋ ಹೋಗು! ಎಪ್ಪತ್ತಾರರಲ್ಲಿ ಈ ಡಬ್ಬಿಗೆ ಮುಚ್ಚಳ ಹಾಕಿ ಅಂಟಿಸಿದೋನು ನಾನು, ನಿನ್ನೆ ಬಿಚ್ಚಿದೋನೂ ನಾನು. ಒಂದು ಅಡಿ ಕಡಿಮೆ ಇದ್ರೆ ನನ್ನ ಮೀಸೆ ಬೋಳಿಸ್ಕೋತೀನಿ."

"ಹಾಗಾದ್ರೆ ಸುಂಡಿಲಿ ಎಲ್ಲಿ?"

ಶಾದ್ಲಿ ಕಾಕಾ ರೀಲು ಸುತ್ತುವುದನ್ನು ನಿಲ್ಲಿಸಿದರು. "ಅವಾಗ್ಲೂ ಹೀಗೇ ಕೇಳ್ತಿದ್ರು" ಎಂದರು ನಿಧಾನಕ್ಕೆ. "ನನ್ನ ತಮ್ಮನ ಮಕ್ಕಳು. ಯಾವ ಸುಂಡಿಲಿರೋ, ಮೂರೇ ಇದಾವಲ್ಲ ಅಂದ್ರೆ ನನ್ನನ್ನೇ ಹುಚ್ಚನ ಥರ ನೋಡಿದ್ವು."

ಚಿತ್ರದ ಕಡತ ಮೇಲಿನ ಮಹಡಿಯಲ್ಲಿ ಸಿಕ್ಕಿತು. ಅದರಲ್ಲಿ ಹದಿನೇಳು ಕಾಗದಗಳಿದ್ದವು, ಎಲ್ಲವೂ ತಾಯಂದಿರು ಬರೆದವು. ಕೈರುವಾನಿನ ಒಬ್ಬಾಕೆ ಬರೆದಿದ್ದಳು: ನಿಮ್ಮ ಚಿತ್ರ ನೋಡಿದ ಮೇಲೆ ನನ್ನ ಮಗ ನೀರು ಕುಡಿಯುತ್ತಿಲ್ಲ. ಬಿಜರ್ತೆಯಿಂದ ಇನ್ನೊಂದು: ನನ್ನ ಇಬ್ಬರು ಹೆಣ್ಣುಮಕ್ಕಳು ಬಾವಿಗೆ ಬಿಂದಿಗೆ ಇಳಿಸಲು ಬಿಡುತ್ತಿಲ್ಲ, ಅವಳ ತಲೆಗೆ ತಗಲುತ್ತದೆ ಎನ್ನುತ್ತಾರೆ, ಅವಳು ಎಂದರೆ ಯಾರು ಸ್ವಾಮಿ? ಓದುತ್ತ ಓದುತ್ತ ನಜೀಹಾಳಿಗೆ ತಮ್ಮ ಮಹ್ದಿಯಾದ ಮನೆಯ ಅಂಗಳ ನೆನಪಾಯಿತು. ಮಳೆನೀರಿನ ತೊಟ್ಟಿಯ ಬಾಯಿಗೆ ಕಿವಿಯಿಟ್ಟು ತಾನು ಮಲಗಿದ್ದದ್ದು, ಅಮ್ಮ ರಟ್ಟೆ ಹಿಡಿದು ಎಬ್ಬಿಸಿ ಕೆನ್ನೆಗೆ ಕೊಟ್ಟದ್ದು. ಏನು ಕೇಳಿಸಿತ್ತು ಎಂಬುದು ಮಾತ್ರ ನೆನಪಾಗಲಿಲ್ಲ.

ಚಿತ್ರವನ್ನು ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಆದರೆ ವರದಿಗೆ ಮೊದಲು ಕೇಂದ್ರದ ನೌಕರರ ಮಕ್ಕಳನ್ನು ಕೂಡಿಸಿ ಒಮ್ಮೆ ತೋರಿಸುವುದು ವಾಡಿಕೆ, ಶುಕ್ರವಾರ ಮಧ್ಯಾಹ್ನಕ್ಕೆ ಆಗಲೇ ಹೇಳಿಯಾಗಿತ್ತು. ಆರು ಮಕ್ಕಳು ಬಂದರು. ಅವರಲ್ಲಿ ಮುಖಂಡಳು ತಸ್ನೀಮ್, ಬಾಗಿಲ ಬಳಿ ಬಂದವರ ಹೆಸರು ಬರೆದುಕೊಳ್ಳುವ ಲತೀಫಾಳ ಮಗಳು. ಆರು ವರ್ಷ, ಮುಂದಿನ ಎರಡು ಹಲ್ಲಿಲ್ಲ, ಬಾಯಿಗೆ ಬೀಗವೂ ಇಲ್ಲ.

ನಜೀಹಾ ಚಿತ್ರ ನೋಡಲಿಲ್ಲ, ಮಕ್ಕಳ ಮುಖ ನೋಡುತ್ತ ಕೂತಳು. ಮೂರು ಪ್ರಾಣಿಗಳೂ ಖಾಲಿ ಜಾಗದ ಕಡೆ ತಿರುಗಿ ಸುಮ್ಮನೆ ನಿಂತ ಆ ಎರಡು ಕ್ಷಣದಲ್ಲಿ ಆರೂ ಮಕ್ಕಳು ಕಿವಿಗೊಟ್ಟು ಕೇಳಿದರು. ಆಮೇಲೆ, ತೆರೆಯ ಮೇಲಿನವು ನಗುವ ಒಂದು ಗಳಿಗೆ ಮೊದಲೇ, ಒಟ್ಟಿಗೆ ಕಿಸಕ್ಕೆಂದು ನಕ್ಕರು.

ನಜೀಹಾ ತಟ್ಟನೆ ತಿರುಗಿ ತೆರೆ ನೋಡಿದಳು. ಅಲ್ಲಿ ಮೂರೇ ಇದ್ದವು.

ಕೊನೆಗೆ ಬಾವಿ ತುಂಬುವಾಗ ಒಬ್ಬ ಅಳಲು ಶುರುಮಾಡಿದ. ಅವನ ಹಿಂದೆಯೇ ಉಳಿದವರು. ದೀಪ ಹಾಕಿದರೂ ನಿಲ್ಲಲಿಲ್ಲ. ತಸ್ನೀಮ್ ಅಳಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಜೀಹಾಳ ಮುಂದೆ ಬಂದು ನಿಂತಳು. "ಅವಳಿನ್ನೂ ಕೆಳಗೇ ಇದಾಳೆ. ನೀರು ಬಿಟ್ಟುಬಿಟ್ರಲ್ಲ ನೀವು!"

"ಯಾರು ಪುಟ್ಟಿ?"

"ಬಾಗಿಲು ಹಿಡ್ಕೊಂಡವಳು. ಬಾ ಅಂತ ಅವಳನ್ನ ಯಾರೂ ಕರೀಲೇ ಇಲ್ಲ."

ಸೋಮವಾರ ಲತೀಫಾ ಕೆಂಡವಾಗಿ ಮೇಲೆ ಬಂದಳು. "ಏನು ತೋರಿಸಿದ್ರಿ ನನ್ನ ಮಗಳಿಗೆ? ಮೂರು ದಿನದಿಂದ ಒಂದು ತೊಟ್ಟು ನೀರು ಮುಟ್ಟಿಲ್ಲ, ಬರೀ ಹಾಲು. ನಲ್ಲಿ ತಿರುಗಿಸಿದ್ರೆ ಕಿರುಚ್ತಾಳೆ. ಮುಖ ತೊಳೆಯೋಕೂ ಬಿಡ್ತಿಲ್ಲ. ನೀವು ಓದಿದವರು, ನೀವೇ ಹೇಳಿ ಏನು ಮಾಡ್ಲಿ!"

ನಜೀಹಾ ಕಡತ ತೆಗೆದು ಚಿತ್ರ ಮಾಡಿದವರ ಹೆಸರು ಹುಡುಕಿದಳು. ಚಿತ್ರಗಳನ್ನು ಬರೆದವನು ಹಮಾದಿ, ಸತ್ತು ಹನ್ನೆರಡು ವರ್ಷ. ದನಿ ಕೊಟ್ಟವರಲ್ಲಿ ಉಳಿದವಳು ಒಬ್ಬಳೇ, ಮುಳ್ಳಿಲಿಯ ದನಿಯಾಗಿದ್ದ ಅವನ ಹೆಂಡತಿ ಬೇಯಾ. ವಿಳಾಸ ಹಲ್ಕ್ ಅಲ್‌ವಾದಿ, ಟ್ಯೂನಿಸ್‌ನ ಕೆರೆಯಾಚೆಯ ಬಂದರು.

ಅದೇ ಮಧ್ಯಾಹ್ನ ಕೆರೆಯ ಏರಿಯ ಮೇಲೆ ಹೋಗುವ ಸಣ್ಣ ರೈಲು ಹತ್ತಿ ಅವಳು ಅಲ್ಲಿಗೆ ಹೋದಳು. ಬೇಯಾ ಬಾಗಿಲ ಹೊಸ್ತಿಲಲ್ಲೇ ಮೊರ ಇಟ್ಟುಕೊಂಡು ಹಸಿ ಬಟಾಣಿ ಸುಲಿಯುತ್ತಿದ್ದಳು. ಎಪ್ಪತ್ತು ದಾಟಿದ ದಪ್ಪ ಹೆಂಗಸು, ಒಂದು ಕಾಲದಲ್ಲಿ ರೇಡಿಯೋ ನಾಟಕಗಳಲ್ಲಿ ಹೆಸರು ಮಾಡಿದವಳು.

"ಟೀವಿಯವರಾ? ನಾನಿನ್ನೂ ಸತ್ತಿಲ್ಲ ಅಂತ ಯಾರು ಹೇಳಿದ್ರು ನಿಮಗೆ?" ಎಂದು ನಕ್ಕಳು. ಚಿತ್ರದ ಹೆಸರು ಕೇಳುತ್ತಲೇ ನಗು ನಿಂತಿತು. "ಅದನ್ನ ನಾನು ನೋಡಿಲ್ಲ. ನೋಡೋದೂ ಇಲ್ಲ. ಹೋಗಮ್ಮ."

"ಬೇಯಾ ಅಮ್ಮಾ, ಒಂದೇ ಮಾತು. ಅದರಲ್ಲಿ ಸುಂಡಿಲಿ ಇತ್ತಾ?"

"ಇಲ್ಲ."

"ಮಕ್ಕಳಿಗೆ ಕಾಣ್ತಿದೆ. ನಮಗೆ ಕಾಣ್ತಿಲ್ಲ, ಅವಕ್ಕೆ ಕಾಣ್ತಿದೆ. ಆರು ವರ್ಷದವಳಾಗಿದ್ದಾಗ ನನಗೂ ಕಂಡಿತ್ತು."

"ನನ್ನ ಮನೆ ಹೊಸ್ತಿಲಿಗೆ ಬಂದು ಇಂಥ ಮಾತಾಡ್ತೀಯಾ?" ಬೇಯಾ ಮೊರ ತಳ್ಳಿ ಎದ್ದಳು, ಬಟಾಣಿ ಕಲ್ಲುಹಾಸಿನ ಮೇಲೆಲ್ಲ ಉರುಳಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಜೀಹಾ ಬಟಾಣಿಯನ್ನು ಒಂದೊಂದೇ ಆರಿಸಿ ಮೊರಕ್ಕೆ ಹಾಕುತ್ತ ಕೂತಳು. ಅರ್ಧ ಆರಿಸುವಷ್ಟರಲ್ಲಿ ಬಾಗಿಲ ಹಿಂದಿನಿಂದ ದನಿ ಬಂತು.

"ಬಾಲಕ್ಕೆ ಏನು ಕಟ್ಟಿದಾಳೆ?"

"ಕೆಂಪು ದಾರ."

ಅಗುಳಿ ಸರಿಯಿತು.

"ಆ ದಾರ ಅವರಪ್ಪ ಬರೆದದ್ದಲ್ಲ" ಎಂದಳು ಬೇಯಾ, ಅಲ್ಲೇ ಕುಸಿದು ಕೂತು. "ಅಪ್ಪ ಬರೆದಿಟ್ಟ ಹಾಳೆಗಳ ಮೇಲೆ ಅವಳೇ ಕೂತು ಕುಂಚದಲ್ಲಿ ಕೆಂಪು ಹಚ್ಚಿದ್ದು. ಗಾಜಿನಂಥ ತೆಳು ಹಾಳೆ, ಸಾವಿರಗಟ್ಟಲೆ. ತನ್ನ ಜಡೆಗೆ ಕಟ್ಟಿದ ಹಾಗೇ ಸುಂಡಿಲಿಗೂ ಬೇಕು ಅಂತ ಹಟ. ಡೂಜಾ. ನನ್ನ ಮಗಳು. ಏಳು ವರ್ಷ."

ಬೇಯಾ ಹೇಳುತ್ತ ಹೋದಳು. ಸುಂಡಿಲಿಯ ದನಿ ಡೂಜಾಳದು. ಮಲಗುವ ಕೋಣೆಯ ಸುತ್ತ ಕಂಬಳಿ ಇಳಿಬಿಟ್ಟು ಮನೆಯಲ್ಲೇ ಎಲ್ಲರ ಮಾತು ಮುದ್ರಿಸಿಕೊಂಡರು. 'ನೀವು ಹೋಗಿಬನ್ನಿ, ಬಾಗಿಲು ನಾನು ಹಿಡಿದಿರ್ತೀನಿ' ಎಂಬ ಮಾತಿನವರೆಗೆ ಬುಧವಾರ ಮುಗಿಯಿತು. ಉಳಿದದ್ದು ಒಂದು ತುಣುಕು. ಮೂವರೂ ಹೊರಗೆ ಬಂದ ಮೇಲೆ ಮುಳ್ಳಿಲಿ ತಿರುಗಿ 'ಸಾಕು, ಬಿಡು, ಬಾ' ಎನ್ನಬೇಕು, ಸುಂಡಿಲಿ ಬಾಗಿಲು ಬಿಟ್ಟು ಓಡಿಬರಬೇಕು. ಅದು ಶುಕ್ರವಾರಕ್ಕೆ ಎಂದುಕೊಂಡರು. ಗುರುವಾರ ಮಗುವಿಗೆ ಜ್ವರ ಬಂತು. ಭಾನುವಾರ ಮಣ್ಣು ಮಾಡಿ ಬಂದರು.

"ಆಮೇಲೆ ಹಮಾದಿ ಬ್ಲೇಡು ಹಿಡಿದು ಕೂತ. ಹನ್ನೊಂದು ತಿಂಗಳು. ಒಂದೊಂದೇ ಹಾಳೆ ತೆಗೆದು ಸುಂಡಿಲಿನ ಕೆರೆದು ಹಾಕಿದ. ದನಿಯನ್ನೂ ಅಳಿಸಿದ. ನನ್ನ ಮಗಳು ಮಣ್ಣಲ್ಲಿ, ಅವಳ ಬೊಂಬೆ ಊರವರ ಮುಂದೆ ಕುಣಿಯೋದು ಬೇಡ ಅಂದ. ಉಳಿದದ್ದು ಮಾತ್ರ ಹೇಗಿತ್ತೋ ಹಾಗೆ ಇಟ್ಟ, ಹೊಸದಾಗಿ ಬರೆಯೋಕೆ ಅವನಿಗೆ ಕೈ ಏಳಲಿಲ್ಲ." ಬೇಯಾ ಸೆರಗಿನಂತೆ ಹೊದ್ದ ಬಿಳಿ ವಸ್ತ್ರದ ಅಂಚಿನಿಂದ ಮೂಗು ಒರೆಸಿಕೊಂಡಳು. "ಸಾಕು, ಬಿಡು, ಬಾ. ಆ ಮಾತು ನಾನು ಹೇಳಲೇ ಇಲ್ಲ ಕಣೇ. ಯಾರಿಗೆ ಅಂತ ಹೇಳಲಿ?"

ಎದ್ದು ಹೊರಡುವಾಗ ನಜೀಹಾ ತಸ್ನೀಮಳ ವಿಷಯ ಹೇಳಿದಳು. ನೀರು ಕುಡಿಯುತ್ತಿಲ್ಲ ಎಂದಳು. ಬೇಯಾ ಮೊರ ಎತ್ತಿಕೊಂಡು ಒಳಗೆ ಹೋದಳು. ಆದರೆ ಮರುದಿನ, ಮಂಗಳವಾರ, ಮಧ್ಯಾಹ್ನ ಎರಡಕ್ಕೆ, ಒಬ್ಬ ಮುದುಕಿ ನಿಮ್ಮನ್ನು ಕೇಳಿಕೊಂಡು ಬಂದಿದ್ದಾಳೆ ಎಂದು ಲತೀಫಾ ಕೆಳಗಿನಿಂದ ಫೋನು ಮಾಡಿದಳು. ಸ್ಕೂಲಿಗೆ ಹೋಗಲೊಲ್ಲದೆ ಅಮ್ಮನ ಮೇಜಿನಡಿ ಕೂತಿದ್ದ ತಸ್ನೀಮ್ ಆಗಲೇ ಆ ಮುದುಕಿಯ ಚೀಲದಲ್ಲಿ ಏನಿದೆ ಎಂದು ವಿಚಾರಿಸುತ್ತಿದ್ದಳಂತೆ.

ನಾಲ್ವರೇ ಕೂತರು: ನಜೀಹಾ, ಲತೀಫಾ, ಬೇಯಾ, ಅವಳ ಪಕ್ಕದಲ್ಲಿ ತಸ್ನೀಮ್. ಲತೀಫಾ ಮಗಳನ್ನು ಮತ್ತೆ ಆ ಕೋಣೆಗೆ ಬಿಡಲು ಒಪ್ಪಿರಲಿಲ್ಲ. ಮಗಳೇ ಕೈ ಕೊಸರಿಕೊಂಡು ಮೊದಲು ಬಂದು ಕುರ್ಚಿ ಹಿಡಿದಿದ್ದಳು.

ಚಿತ್ರ ಓಡತೊಡಗಿತು. ಬೇಯಾ ತೆರೆಯನ್ನೇ ನೋಡುತ್ತಿದ್ದಳು.

"ಅಜ್ಜಿ, ನಿಂಗೆ ಕಾಣ್ಸಲ್ವಾ ಅವಳು?" ಎಂದಳು ತಸ್ನೀಮ್.

"ನನ್ನ ಕಣ್ಣು ಮಂಜು ಕಣೇ. ನೀನು ಹೇಳು."

"ಈಗ ಮರಳಿಲಿ ಬೆನ್ನ ಮೇಲೆ ಹತ್ತಿದಾಳೆ. ಬಿದ್ಲು! ಮತ್ತೆ ಹತ್ತಿದ್ಲು. ಊಸರವಳ್ಳಿಗೆ ನಿನ್ನ ಮೂತಿ ನೋಡು ಸುಟ್ಟ ಬದನೆಕಾಯಿ ಅಂತಾಳೆ."

ಬೇಯಾ ತಸ್ನೀಮಳ ಕೈ ಹಿಡಿದುಕೊಂಡಳು. "ಹಂಗೇ ಅಂತಿದ್ಲು" ಎಂದಳು. "ಹಾಳೆಯಲ್ಲಿ ಬರೆದಿರ್ಲಿಲ್ಲ. ತಾನೇ ಸೇರಿಸಿದ್ಲು, ಎಲ್ಲರೂ ನಕ್ಕುಬಿಟ್ವಿ."

ಕೋಣೆ ತಣ್ಣಗಾಗುತ್ತ ಬಂತು. ನಡುಹಗಲು, ಹೊರಗೆ ಬಿಸಿಲು, ಆದರೂ ಲತೀಫಾ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. ತೆರೆಯ ಮೇಲೆ ಬಾಗಿಲು ತೆರೆಯಿತು. ಮೂವರು ಒಳಗೆ ಹೋದರು, ಹಾವನ್ನು ನಗಿಸಿದರು, ಓಡಿ ಹೊರಗೆ ಬಂದರು. ಮುಳ್ಳಿಲಿ ನಿಂತು ಹಿಂದಕ್ಕೆ ತಿರುಗಿತು, ಬಾಯಿ ತೆರೆಯಿತು, ಮಾತು ಬರಲಿಲ್ಲ. ತೆರೆದ ಬಾಗಿಲು, ಅದರಾಚೆ ಕಪ್ಪು.

ಅಷ್ಟು ಹೊತ್ತಿಗೆ ನೀರು ಉಕ್ಕಬೇಕಿತ್ತು. ಉಕ್ಕಲಿಲ್ಲ. ಆ ಬಾಗಿಲ ಚಿತ್ರ ಹಾಗೇ ನಿಂತಿತು. ನಜೀಹಾ ಹಿಂದಕ್ಕೆ ನೋಡಿದಳು. ಗೂಡಿನ ಕಿಂಡಿಯಲ್ಲಿ ಶಾದ್ಲಿ ಕಾಕಾ ಎರಡೂ ಕೈ ಮೇಲೆತ್ತಿ ತೋರಿಸಿದರು, ತಾನು ಏನನ್ನೂ ಮುಟ್ಟಿಲ್ಲ ಎಂದು. ರೀಲು ತಿರುಗುವ ಸದ್ದು ಕೇಳುತ್ತಲೇ ಇತ್ತು.

"ಅವಳ ಕೈ ನಡುಗ್ತಿದೆ" ಎಂದಳು ತಸ್ನೀಮ್, ಪಿಸುಮಾತಿನಲ್ಲಿ.

"ಏನಂತಾಳೆ?" ಎಂದಳು ಬೇಯಾ.

"ಕೈ ಜೋಮು ಹಿಡಿದಿದೆಯಂತೆ." ಹುಡುಗಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ಬಿಡ್ಲಾ ಅಂತ ಕೇಳ್ತಿದಾಳೆ. ಅಜ್ಜಿ, ಅವಳು ಅವರನ್ನ ನೋಡ್ತಿಲ್ಲ. ನಿನ್ನನ್ನ ನೋಡ್ತಿದಾಳೆ."

ಬೇಯಾ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಳು. ಹೊರಟದ್ದು ಅವಳ ದನಿಯಲ್ಲ. ಮೂಗಿನಲ್ಲಿ ಗೊರಗೊರ ಎನ್ನುವ, ಒರಟು ಮುದ್ದಿನ ಮುಳ್ಳಿಲಿಯ ದನಿ. ಮೂವತ್ತು ವರ್ಷ ಎಲ್ಲಿತ್ತೋ, ಒಂದಿಷ್ಟೂ ಮಾಸಿರಲಿಲ್ಲ.

"ಸಾಕು ಮಗಳೇ. ಬಿಡು. ಬಾ."

ದಢಾರ್ ಎಂದು ಬಾಗಿಲು ಮುಚ್ಚಿಕೊಂಡಿತು. ತೆರೆಯ ಮೇಲೋ ಕೋಣೆಯಲ್ಲೋ ಯಾರಿಗೂ ಹೇಳಲಾಗಲಿಲ್ಲ. ಕುರ್ಚಿಗಳು ಅದುರಿದವು, ಲತೀಫಾ ಚೀರಿದಳು. ಮರುಗಳಿಗೆ ನೀರು ಉಕ್ಕಿ ಬಂತು, ಹಾಡು ಶುರುವಾಯಿತು, ಮೂರು ಪ್ರಾಣಿಗಳು ಕುಣಿದವು.

"ಬಂದ್ಲು!" ಎಂದು ಚಪ್ಪಾಳೆ ತಟ್ಟಿದಳು ತಸ್ನೀಮ್.

ಬೇಯಾ ಹಾಡು ಮುಗಿಯುವವರೆಗೆ ನಿಲ್ಲಲಿಲ್ಲ. ಯಾರ ಮುಖವನ್ನೂ ನೋಡದೆ ಚೀಲ ಎತ್ತಿಕೊಂಡು, ಒಂದು ಕೈಯನ್ನು ಮೈಯಿಂದ ಸ್ವಲ್ಪ ದೂರ ಇಳಿಬಿಟ್ಟುಕೊಂಡು, ನಿಧಾನವಾಗಿ ಹೊರಗೆ ನಡೆದಳು. ನಜೀಹಾ ಹಿಂದೆ ಹೋಗಲೆಂದು ಎದ್ದಾಗ ತಸ್ನೀಮ್ ಅವಳ ಅಂಗಿ ಎಳೆದು ನಿಲ್ಲಿಸಿದಳು.

"ನೀವು ಯಾಕೆ? ಅಜ್ಜಿ ಜೊತೆ ಅವಳಿದಾಳಲ್ಲ."

ಲತೀಫಾ ನೀರಿನ ಲೋಟ ತಂದಳು. ಮಗಳು ಎರಡು ಲೋಟ ನೀರು ಗಟಗಟ ಕುಡಿದು, ಮೂರನೆಯದನ್ನು ಅಮ್ಮನ ಮೈಮೇಲೆ ಚೆಲ್ಲಿ ಬೈಸಿಕೊಂಡಳು.

ಶುಕ್ರವಾರ ಆರೂ ಮಕ್ಕಳನ್ನು ಕೂಡಿಸಿ ನಜೀಹಾ ಇನ್ನೊಮ್ಮೆ ತೋರಿಸಿದಳು. ಯಾರೂ ಅಳಲಿಲ್ಲ. ಮೂರೂ ಪ್ರಾಣಿಗಳು ಖಾಲಿ ಜಾಗ ನೋಡಿ ನಿಂತಾಗ ಒಬ್ಬ ಹುಡುಗ ಆಕಳಿಸಿದ, ಇಬ್ಬರು ಕಾಲಿನಿಂದ ಒದ್ದಾಡಿಕೊಂಡರು. "ಇವು ಯಾಕೆ ಸುಮ್ಸುಮ್ನೆ ನಗ್ತಾವೆ?" ಎಂದು ಕೇಳಿದಳು ತಸ್ನೀಮ್, ನಿಜವಾಗಿಯೂ ತಿಳಿಯದೆ.

ಅವತ್ತು ಸಂಜೆ ನಜೀಹಾ ವರದಿ ಬರೆದಳು. ಬಣ್ಣ ಚೆನ್ನಾಗಿದೆ, ಚಿತ್ರಗಾರಿಕೆ ಎಲ್ಲ ಕಡೆ ಒಂದೇ ಸಮ ಇಲ್ಲ, ಹಾವಿನ ಭಾಗ ಸೊಗಸು, ಹಾಡು ಉದ್ದವಾಯಿತು, ನಡುವೆ ಅಲ್ಲಲ್ಲಿ ಕಾರಣವಿಲ್ಲದ ಮೌನ. ಐದು ವರ್ಷ ಮೇಲ್ಪಟ್ಟವರು ನೋಡಬಹುದು. ಕತ್ತರಿ ಬೇಡ. ಬರೆಯುವಾಗ ಅವಳಿಗೆ ಸಂಕಟವಾಯಿತು. ಒಂಬತ್ತು ವರ್ಷದಲ್ಲಿ ಇಷ್ಟು ಪ್ರಾಮಾಣಿಕವಾದ ವರದಿಯನ್ನು ಅವಳು ಬರೆದಿರಲಿಲ್ಲ. ಆದರೂ ಓದಿದರೆ ಯಾವುದೋ ಸಾಧಾರಣ ಚಿತ್ರದ ವರದಿಯಂತಿತ್ತು. ಸೀ ರಿದಾ ಸಹಿ ಹಾಕಿದರು. "ಇಷ್ಟೇನಾ? ಅವತ್ತು ಹೇಳುವಾಗ ನಿನ್ನ ಕಣ್ಣು ಮಿಂಚ್ತಿತ್ತಲ್ಲೇ" ಎಂದರು.

ರಜೆಯ ಎರಡನೆಯ ದಿನ ಮಧ್ಯಾಹ್ನ ಚಿತ್ರ ಪ್ರಸಾರವಾಯಿತು. ನಜೀಹಾ ಅದನ್ನು ಬೇಯಾಳ ಮನೆಯಲ್ಲಿ ನೋಡಿದಳು. ಕರೆದವಳು ಬೇಯಾಳೇ. ಅವಳು ಬಟಾಣಿ ಹಾಕಿ ಮಾಂಸದ ಸಾರು ಮಾಡಿದ್ದಳು, ಜೊತೆಗೆ ತೆಳು ಹಿಟ್ಟಿನ ಹಾಳೆಯೊಳಗೆ ಮೊಟ್ಟೆಯಿಟ್ಟು ಕರಿದ ಬ್ರಿಕ್. ತಲೆ ಬಾಚಿ ಮೆಹಂದಿ ಹಚ್ಚಿ ಕೂತಿದ್ದಳು, ಹತ್ತು ವರ್ಷ ಚಿಕ್ಕವಳಂತೆ ಕಾಣುತ್ತಿದ್ದಳು. ಮುಳ್ಳಿಲಿ ಬಂದಾಗಲೆಲ್ಲ ತೊಡೆ ತಟ್ಟಿಕೊಂಡು ನಕ್ಕಳು. "ಅಯ್ಯೋ, ನನ್ನ ದನಿ ನೋಡೇ, ನೆಗಡಿಯಾದ ಕತ್ತೆ ಥರ!"

ಚಿತ್ರ ಮುಗಿಯಿತು. ಬೇಯಾ ಎದ್ದು ಟೀವಿ ಆರಿಸಿದಳು.

"ಇಷ್ಟೊಂದು ಬರೆದ, ಬರೆದ, ಕಣ್ಣು ಕಳ್ಕೊಂಡ. ಕಾಲು ಬರೆಯೋಕೆ ಮಾತ್ರ ಕಡೇವರೆಗೂ ಬರ್ಲಿಲ್ಲ ನೋಡು ನನ್ನ ಗಂಡನಿಗೆ. ಎಲ್ಲಕ್ಕೂ ಬಾತುಕೋಳಿ ಕಾಲು" ಎಂದಳು. ಆಮೇಲೆ ನಜೀಹಾಳ ತಟ್ಟೆ ನೋಡಿ, "ನೀನೇನೇ ಹಕ್ಕಿ ಹಾಗೆ ತಿಂತಿದೀಯ? ಇನ್ನೊಂದು ಬ್ರಿಕ್ ಹಾಕ್ತೀನಿ, ಇರು" ಎಂದು ಒಲೆ ಹೊತ್ತಿಸಲು ಒಳಗೆ ಹೋದಳು.